ಶನಿವಾರ ರಾತ್ರಿ ಬಂದ ರಿಪೋರ್ಟು

ರಿಪೋರ್ಟು ಬಂದಿದ್ದು ಶನಿವಾರ ರಾತ್ರಿ 9.40ಕ್ಕೆ, ವಾಟ್ಸಾಪ್‌ನಲ್ಲಿ. ಊಟ ಮುಗಿದಿತ್ತು. ಬೆಳಿಗ್ಗೆಯ ದೋಸೆಗೆ ರುಬ್ಬಿದ ಹಿಟ್ಟು ಮುಚ್ಚಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮೊಬೈಲ್ ತೆಗೆದೆ. ಮೊದಲ ಪುಟದಲ್ಲೇ ಒಂದು ಗ್ರಾಫ್. ಎಡಗಡೆ ಎತ್ತರದ ಗುಡ್ಡ. ಅದರ ಪಕ್ಕ ಸಣ್ಣ ಸಣ್ಣ ದಿಬ್ಬ. ಬಲಗಡೆ ಕೊನೆಯಲ್ಲಿ ಸೂಜಿಯ ಹಾಗೆ ಒಂದು ಗೆರೆ ನೆಟ್ಟಗೆ ಮೇಲಕ್ಕೆ ಎದ್ದಿತ್ತು. ಕೆಳಗೆ ಬರೆದಿದ್ದರು: ಗಾಮಾ ಭಾಗದಲ್ಲಿ ಎಂ ಬ್ಯಾಂಡ್ ಇದೆ, ಡೆಸಿಲೀಟರ್‌ಗೆ 1.3 ಗ್ರಾಂ.

ಎಂ ಬ್ಯಾಂಡ್ ಅಂದರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಸೋಮವಾರದವರೆಗೆ ಡಾಕ್ಟ್ರು ಸಿಗುವುದಿಲ್ಲ. ಗೂಗಲ್ ಸಿಗುತ್ತದೆ. ಹತ್ತು ಗಂಟೆಯೊಳಗೆ 'ಮಲ್ಟಿಪಲ್ ಮೈಲೋಮಾ' ಅನ್ನೋ ಹೆಸರು ಗೊತ್ತಾಯಿತು. ಹತ್ತೂಕಾಲಿಗೆ ಅದು ರಕ್ತದ ಕ್ಯಾನ್ಸರ್ ಅಂತ ಗೊತ್ತಾಯಿತು. ಹನ್ನೊಂದಕ್ಕೆ, ಅದು ಬಂದವರು ಎಷ್ಟು ವರ್ಷ ಬದುಕುತ್ತಾರೆ ಅಂತ ಹುಡುಕುತ್ತಾ ಅಡುಗೆಮನೆ ಕಟ್ಟೆಗೆ ಒರಗಿ ನಿಂತಿದ್ದೆ.

"ಯಾಕೆ, ಇನ್ನೂ ಮಲಗಿಲ್ವಾ?" ಅಂತ ಇವರು ಒಳಗಿನಿಂದ ಕೇಳಿದರು. ಹಿಟ್ಟು ಉಕ್ಕುತ್ತೇನೋ ಅಂತ ನೋಡ್ತಿದ್ದೀನಿ ಅಂದೆ. ಆ ಚಳಿಯಲ್ಲಿ ಹಿಟ್ಟು ಎಲ್ಲಿ ಉಕ್ಕಬೇಕು?

ನನಗೆ ಆಗ 57. ತಿಪಟೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಠೇವಣಿ, ಸಾಲ, ಪಿಗ್ಮಿ, ಇಷ್ಟೇ ನನ್ನ ಲೋಕ. ಇವರದು ಕೊಬ್ಬರಿ ವ್ಯವಹಾರ. ಮನೆಯ ಹಿಂದೆ ತೆಂಗಿನಕಾಯಿ ತುಂಬಿದ ಅಟ್ಟ, ಜೊತೆಗೆ ಅತ್ತೆ. ಮಗ ಸೊಸೆ ಬೆಂಗಳೂರಿನಲ್ಲಿ.

ಎಲ್ಲಾ ಶುರುವಾಗಿದ್ದು ಬೆನ್ನುನೋವಿನಿಂದ. ಮೂರು ತಿಂಗಳು ಸಂಘದ ಕುರ್ಚಿಯನ್ನೇ ಬೈದುಕೊಂಡೆ. ಮಾತ್ರೆ ನುಂಗಿದೆ, ಎಣ್ಣೆ ತಿಕ್ಕಿಸಿಕೊಂಡೆ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ನಮ್ಮ ಮನೆಯವರೆಲ್ಲ ತೋರಿಸುವ ಡಾಕ್ಟ್ರು ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ರಕ್ತ ಕಡಿಮೆ ಇದ್ದ ಹಾಗಿದೆ, ಒಂದು ಸಲ ಎಲ್ಲಾ ಟೆಸ್ಟ್ ಮಾಡಿಸಿಬಿಡಿ" ಅಂದರು. ಹಿಮೋಗ್ಲೋಬಿನ್ 10.8 ಬಂತು. ರಕ್ತಕಣ ತಳಕ್ಕೆ ಇಳಿಯುವ ವೇಗ ಅಳೆಯುವ ಇಎಸ್‌ಆರ್ 72. ಟೋಟಲ್ ಪ್ರೋಟೀನ್ 8.3, ಅದರಲ್ಲಿ ಅಲ್ಬುಮಿನ್ 4.1. ಲೆಕ್ಕ ಬರೆಯುವವಳಲ್ವಾ, ಕಳೆದು ನೋಡಿದೆ. ಉಳಿದ 4.2 ಗ್ಲಾಬ್ಯುಲಿನ್. ಪಕ್ಕದಲ್ಲಿ 2ರಿಂದ 3.5 ಇರಬೇಕು ಅಂತ ಅಚ್ಚಾಗಿತ್ತು. ಅಲ್ಬುಮಿನ್ ಯಾವಾಗಲೂ ಜಾಸ್ತಿ ಇರಬೇಕಂತೆ, ನನ್ನಲ್ಲಿ ಲೆಕ್ಕ ತಿರುಗಿತ್ತು.

ಡಾಕ್ಟ್ರು ಹೆದರಿಸಲಿಲ್ಲ. ಇಎಸ್‌ಆರ್ ಸೋಂಕಿಗೂ ಏರುತ್ತೆ, ಸಂಧಿವಾತಕ್ಕೂ ಏರುತ್ತೆ, ಟಿಬಿಗೂ ಏರುತ್ತೆ ಅಂದರು. ಎದೆಯ ಎಕ್ಸ್‌ರೇ ಮಾಡಿಸಿದರು, ಸರಿ ಇತ್ತು. ಸಂಧಿವಾತದ ಟೆಸ್ಟೂ ಸರಿ ಇತ್ತು. ಆಗ ಚೀಟಿಯ ಮೇಲೆ ಇನ್ನೊಂದು ಹೆಸರು ಬರೆದರು, ಸೀರಂ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್. "ಇದು ಬೆಂಗಳೂರಿಗೆ ಹೋಗಿ ಬರಬೇಕು, ನಾಲ್ಕು ದಿನ ಆಗುತ್ತೆ" ಅಂತ ಲ್ಯಾಬಿನ ಹುಡುಗ ಹೇಳಿದ. ಯಾಕೆ ಈ ಟೆಸ್ಟ್ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಕೇಳಿದ್ದರೆ ಶನಿವಾರ ರಾತ್ರಿ ಬೇರೆ ಥರ ಇರುತ್ತಿತ್ತೋ ಏನೋ.

ಭಾನುವಾರ ಯಾರಿಗೂ ಹೇಳಲಿಲ್ಲ. ದೋಸೆ ಹುಯ್ದೆ, ಚಟ್ನಿ ಮಾಡಿದೆ. ಅತ್ತೆಯ ತಲೆಗೆ ಎಣ್ಣೆ ಹಚ್ಚಿದೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಬೀರು ತೆಗೆದು ನನ್ನ ಠೇವಣಿ ಬಾಂಡುಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ನಾಮಿನಿ ಹೆಸರು ನೋಡಿದೆ. ಒಂದರಲ್ಲಿ ತೀರಿಕೊಂಡು ಆರು ವರ್ಷ ಆಗಿದ್ದ ನಮ್ಮಪ್ಪನ ಹೆಸರೇ ಇತ್ತು. ದಿನಾ ಊರವರಿಗೆಲ್ಲ "ನಾಮಿನಿ ಬದಲಾಯಿಸಿಕೊಳ್ಳಿ" ಅಂತ ಹೇಳುವವಳು ನಾನು! ಸೋಮವಾರ ಬೆಳಿಗ್ಗೆ ಸಂಘಕ್ಕೆ ಹೋಗಿ ಮೊದಲು ಮಾಡಿದ ಕೆಲಸ ಆ ಫಾರಂ ತುಂಬಿದ್ದು. ಕೈ ನಡುಗಲಿಲ್ಲ. ಅಕ್ಷರ ಯಾವತ್ತಿಗಿಂತ ದುಂಡಗೆ ಬಂದಿತ್ತು.

ನಮ್ಮ ಡಾಕ್ಟ್ರು ಗ್ರಾಫ್ ನೋಡಿ, ದೊಡ್ಡ ಡಾಕ್ಟ್ರಿಗೆ ತೋರಿಸೋಣ ಅಂತ ಚೀಟಿ ಬರೆದುಕೊಟ್ಟರು. ಅಲ್ಲಿ ನಡೆದದ್ದನ್ನು ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಆ ಆಸ್ಪತ್ರೆಯ ಹೆಸರು ಬೇಡ. ಒಳಗೆ ಕರೆದಾಗ ಹಿಂದಿನ ಪೇಷೆಂಟ್ ಇನ್ನೂ ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ಮುಂದಿನ ನಂಬರಿನವರು ಆಗಲೇ ಬಾಗಿಲು ದಾಟಿ ನಿಂತಿದ್ದರು. ಡಾಕ್ಟ್ರು ಕಾಗದ ತಿರುವಿ ಹಾಕಿ, ತಲೆ ಎತ್ತದೆ, "ಇದು ಬ್ಲಡ್ ಕ್ಯಾನ್ಸರ್ ಥರ ಕಾಣುತ್ತೆ, ಲೇಟ್ ಮಾಡಬೇಡಿ, ಬೆಂಗಳೂರಿಗೆ ಹೋಗಿ" ಅಂದರು. ಒಟ್ಟು ಎರಡು ನಿಮಿಷ. ಬಾಗಿಲಲ್ಲಿ ನಿಂತಿದ್ದವರು ನಮ್ಮ ಸಂಘದ ಸದಸ್ಯರು.

ನಮ್ಮ ಕಡೆ ಕ್ಯಾನ್ಸರ್ ಅಂತ ಬಾಯಿ ಬಿಟ್ಟು ಹೇಳುವುದು ಕಡಿಮೆ. "ಕಿದ್ವಾಯಿಗೆ ತೋರಿಸ್ತಿದ್ದಾರಂತೆ" ಅಂದರೆ ಸಾಕು, ಎಲ್ಲರಿಗೂ ಅರ್ಥ ಆಗುತ್ತದೆ. ನಾನು ಕಿದ್ವಾಯಿ ಗೇಟನ್ನೂ ನೋಡಿರಲಿಲ್ಲ. ಬುಧವಾರದ ಹೊತ್ತಿಗೆ ಊರಿನ ಲೆಕ್ಕದಲ್ಲಿ ಅಲ್ಲಿ ಅಡ್ಮಿಟ್ ಆಗಿದ್ದೆ. ಪಿಗ್ಮಿ ಕಟ್ಟಲು ಬಂದ ಬಳೆ ಅಂಗಡಿಯಾಕೆ ನನ್ನನ್ನು ಕೌಂಟರಿನಲ್ಲಿ ನೋಡಿ, "ಅಯ್ಯೋ ಮೇಡಂ, ನೀವು ಇಲ್ಲೇ ಇದೀರಾ!" ಅಂದಳು. ನಗು ಬಂತು. ಅಳುವೂ ಬಂತು. ರಸೀದಿ ಹರಿದು ಕೊಟ್ಟೆ.

ಆಮೇಲೆ ಮನೆಗೆ ಬಂದವರ ಕಥೆ ಬರೆಯಲು ಹೋದರೆ ಮುಗಿಯುವುದಿಲ್ಲ. ನಾದಿನಿ ಅಮೃತಬಳ್ಳಿ ತಂದಳು. "ಅತ್ತಿಗೆ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಕುಡೀರಿ, ಯಾರಿಗೂ ಹೇಳಬೇಡಿ." ಮತ್ತೊಬ್ಬರು ಬೀಟ್‌ರೂಟ್ ಅಂದರು, ಇನ್ನೊಬ್ಬರು ಗೋಧಿಹುಲ್ಲಿನ ರಸ ಅಂದರು. ಅತ್ತೆ ಮಾತ್ರ ಒಂದೇ ಮಾತು ಹಿಡಿದಿದ್ದರು. "ದಸರೀಘಟ್ಟಕ್ಕೆ ಹೋಗಿ ಅಮ್ಮನ್ನೇ ಕೇಳಿಬಿಡೋಣ ಕಣೇ." ನಮ್ಮೂರಿನ ಹತ್ತಿರದ ದಸರೀಘಟ್ಟದ ಚೌಡೇಶ್ವರಿ ಕೇಳಿದ್ದಕ್ಕೆ ಬರೆದು ಉತ್ತರ ಕೊಡುತ್ತಾಳೆ ಅನ್ನೋದು ಜನರ ನಂಬಿಕೆ. ದೂರದೂರದಿಂದ ಬರುತ್ತಾರೆ. ನಾನು ಹೋಗಲಿಲ್ಲ. ನಂಬಿಕೆ ಇಲ್ಲ ಅಂತಲ್ಲ. ಇನ್ನೊಂದು ಉತ್ತರವನ್ನು ಬರಹದಲ್ಲಿ ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಅತ್ತೆ ಒಬ್ಬರೇ ಆಟೋ ಮಾಡಿಕೊಂಡು ಹೋಗಿ ಬಂದರು. ಏನು ಕೇಳಿದರು, ಏನು ಉತ್ತರ ಬಂತು, ಹೇಳಲಿಲ್ಲ. ಕುಂಕುಮ ಹಚ್ಚಿ ಸುಮ್ಮನಾದರು.

ಇವರು ಮಾತೇ ಆಡುತ್ತಿರಲಿಲ್ಲ. ರಾತ್ರಿ ಗೊರಕೆ ನಿಂತುಹೋಗಿತ್ತು. 32 ವರ್ಷ ಆ ಗೊರಕೆಗೆ ಬೈದಿದ್ದೀನಿ, ಈಗ ಅದು ಇಲ್ಲ ಅಂದರೆ ಇಬ್ಬರೂ ಎದ್ದೇ ಇದ್ದೀವಿ ಅಂತ ಅರ್ಥ. ಇಬ್ಬರೂ ನಿದ್ದೆ ಬಂದವರ ಹಾಗೆ ಮಲಗಿರುತ್ತಿದ್ದೆವು.

ಮುಂದಿನ ವಾರ ಮಗ ಬೆಂಗಳೂರಿನಲ್ಲಿ ರಕ್ತರೋಗದ ಡಾಕ್ಟ್ರ ಹತ್ತಿರ ಹೊತ್ತು ಗೊತ್ತು ಮಾಡಿದ. ಬೆಳಗಿನ ರೈಲು ಹಿಡಿದು ಹೋದೆವು. ಬಾಗಿಲ ಮೇಲೆ 'ಹೆಮಟಾಲಜಿ' ಅಂತ ಬೋರ್ಡು. ಕಾಯುವ ಹಾಲಿನಲ್ಲಿ ಅರ್ಧದಷ್ಟು ಜನರ ತಲೆಗೆ ಸ್ಕಾರ್ಫ್ ಇತ್ತು. ನಾನು ನನ್ನ ಜಡೆಯನ್ನು ಮುಂದೆ ತಂದು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಯಾಕೋ ಅದು ಅಲ್ಲಿ ಕಾಣಬಾರದು ಅನ್ನಿಸಿತು.

ಡಾಕ್ಟ್ರು ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ರಿಪೋರ್ಟ್ ನೋಡುವ ಮೊದಲು, "ಬೆನ್ನುನೋವಿಗೆ ಯಾವ ಮಾತ್ರೆ ತಗೊಳ್ತಿದ್ದೀರಮ್ಮ?" ಅಂತ ಕೇಳಿದರು. ಬ್ಯಾಗಿನಿಂದ ಪಟ್ಟಿ ತೆಗೆದು ತೋರಿಸಿದೆ. "ಇದನ್ನ ಇವತ್ತೇ ನಿಲ್ಲಿಸಿ. ನಮಗೆ ಸಂಶಯ ಇರೋ ಕಾಯಿಲೆಯಲ್ಲಿ ಕಿಡ್ನಿಗೆ ಮೊದಲೇ ಪೆಟ್ಟು ಬೀಳಬಹುದು. ಈ ಥರದ ನೋವಿನ ಮಾತ್ರೆ ಅದಕ್ಕೆ ಇನ್ನಷ್ಟು ತೊಂದರೆ ಕೊಡುತ್ತೆ. ನೋವು ತಡೆಯೋಕೆ ಆಗದಿದ್ದರೆ ಪ್ಯಾರಾಸಿಟಮಾಲ್ ತಗೊಳ್ಳಿ." ಅಮೃತಬಳ್ಳಿಯ ವಿಷಯವೂ ಬಾಯಿಗೆ ಬಂತು. ಅದನ್ನೂ ನಿಲ್ಲಿಸಿ ಅಂದರು. ನಾದಿನಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಕಾಗದ ತಿರುಗಿಸಿ ಹಿಂದೆ ಚಿತ್ರ ಬರೆದು ಹೇಳಿದರು. ನಮ್ಮ ಮೂಳೆಯ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳಿರುತ್ತವೆ. ಸೋಂಕಿನ ಜೊತೆ ಹೊಡೆದಾಡುವ ಪ್ರೋಟೀನ್ ಮಾಡುವುದು ಅವುಗಳ ಕೆಲಸ. ಒಂದೊಂದು ಗುಂಪು ಒಂದೊಂದು ಥರದ್ದನ್ನು ಮಾಡುತ್ತದೆ. ಕರೆಂಟ್ ಹಾಯಿಸಿ ರಕ್ತದ ಪ್ರೋಟೀನುಗಳನ್ನು ಓಡಿಸಿದರೆ ಈ ಸಾವಿರಾರು ಥರದವು ಅಲ್ಲಲ್ಲಿ ನಿಂತು ಅಗಲವಾದ ದಿಬ್ಬ ಆಗುತ್ತದೆ. ಒಂದೇ ಗುಂಪು ಮಿತಿಮೀರಿ ಬೆಳೆದು ಒಂದೇ ಪ್ರೋಟೀನನ್ನು ತಯಾರಿಸುತ್ತಾ ಹೋದರೆ ಅದೆಲ್ಲ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಅದೇ ಸೂಜಿ.

"ಅಂದರೆ ಒಂದೇ ನಂಬರಿನ ನೋಟು ಕಂತೆಗಟ್ಟಲೆ ಬಂದ ಹಾಗೆ" ಅಂದೆ. ಡಾಕ್ಟ್ರು ಪೆನ್ನು ಕೆಳಗಿಟ್ಟು ನಕ್ಕರು. "ನೀವು ಬ್ಯಾಂಕಾ?" "ಸೊಸೈಟಿ" ಅಂದೆ. ಹದಿನೈದು ದಿನದಲ್ಲಿ ಮೊದಲ ಸಲ ನನ್ನ ಕೆಲಸದ ವಿಷಯ ಯಾರಾದರೂ ಕೇಳಿದ್ದು.

ಅವರು ಹೇಳಿದ್ದರಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇದನ್ನು. ಸೂಜಿ ಕಂಡ ಕೂಡಲೇ ಮೈಲೋಮಾ ಅಲ್ಲ. ಅದು ದೇಹಕ್ಕೆ ಪೆಟ್ಟು ಕೊಟ್ಟಿದೆಯಾ ಅಂತ ನೋಡಬೇಕು. ನಾಲ್ಕು ಕಡೆ ನೋಡುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದೆಯಾ, ಕಿಡ್ನಿ ಸೋತಿದೆಯಾ, ಹಿಮೋಗ್ಲೋಬಿನ್ ಇಳಿದಿದೆಯಾ, ಮೂಳೆಯಲ್ಲಿ ತೂತು ಬಿದ್ದಿದೆಯಾ. ಜೊತೆಗೆ ಮಜ್ಜೆಯಲ್ಲಿ ಪ್ಲಾಸ್ಮಾ ಕಣ ನೂರಕ್ಕೆ ಹತ್ತು ದಾಟಿದೆಯಾ. ನನ್ನ ಕ್ಯಾಲ್ಸಿಯಂ 9.4, ಕಿಡ್ನಿಯ ಲೆಕ್ಕ ಹೇಳುವ ಕ್ರಿಯಾಟಿನಿನ್ 0.8. ಎರಡೂ ಸರಿ. ಹಿಮೋಗ್ಲೋಬಿನ್ ಕಡಿಮೆ. ಬೆನ್ನು ನೋವು. ಅಲ್ಲಿಗೆ ಎರಡು ಆ ಕಡೆ, ಎರಡು ಈ ಕಡೆ.

"ಹಿಮೋಗ್ಲೋಬಿನ್ ಬೇರೆ ಕಾರಣಕ್ಕೂ ಇಳಿಯುತ್ತೆ, ಫೆರಿಟಿನ್ ನೋಡೋಣ. ಬೆನ್ನು ಬೇರೆ ಕಾರಣಕ್ಕೂ ನೋಯುತ್ತೆ, ಸ್ಕ್ಯಾನ್ ಮಾಡೋಣ" ಅಂದರು. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಟೆಸ್ಟಿನ ಹೆಸರಿನ ಪಕ್ಕ ಸಂಘದ ಹಳೇ ಡೈರಿಯಲ್ಲಿ ಒಂದು ಸಾಲು ಬರೆಯುವುದು: ಇದು ಯಾವ ಪ್ರಶ್ನೆಗೆ? ಉತ್ತರ ಯಾವತ್ತು ಬರುತ್ತೆ? ಯಾರು ಹೇಳ್ತಾರೆ? ರಿಪೋರ್ಟನ್ನು ನನ್ನ ಮೊಬೈಲಿಗೆ ಕಳಿಸಬೇಡಿ, ಡಾಕ್ಟ್ರಿಗೆ ಮಾತ್ರ ಕಳಿಸಿ ಅಂತ ಲ್ಯಾಬಿನ ಫಾರಂ ಮೇಲೆ ನಾನೇ ಬರೆದೆ. ಆ ಹುಡುಗಿ ವಿಚಿತ್ರವಾಗಿ ನೋಡಿದಳು. ನೋಡಲಿ.

ಮೊದಲು ಬಂದದ್ದು ಮೂತ್ರದ ಕ್ಯಾನು. 24 ಗಂಟೆಯ ಮೂತ್ರ ಹಿಡಿದು ಕೊಡಬೇಕು. ಬೆಳಿಗ್ಗೆಯ ಮೊದಲ ಮೂತ್ರ ಬಿಟ್ಟುಬಿಡಬೇಕು. ಆಮೇಲಿನದೆಲ್ಲ ಕ್ಯಾನಿಗೆ, ಮರುದಿನ ಬೆಳಿಗ್ಗೆಯ ಮೊದಲನೆಯದೂ ಸೇರಿ. ಮಗನ ಫ್ಲ್ಯಾಟಿನ ಬಚ್ಚಲಲ್ಲಿ ಐದು ಲೀಟರಿನ ಕ್ಯಾನು ಇಟ್ಟುಕೊಂಡು ಒಂದು ಹಗಲು ಒಂದು ರಾತ್ರಿ ಕಳೆದೆ. ನಾಲ್ಕು ವರ್ಷದ ಮೊಮ್ಮಗಳು, "ಅಜ್ಜಿ, ಅದರಲ್ಲಿ ಏನಿದೆ?" ಅಂತ ಹತ್ತು ಸಲ ಕೇಳಿದಳು. ಎಣ್ಣೆ ಅಂದೆ. ಸಂಜೆ ಪಕ್ಕದ ಮನೆಯವರಿಗೆ, "ನಮ್ಮಜ್ಜಿ ಬಾತ್‌ರೂಮಲ್ಲಿ ಎಣ್ಣೆ ಮಾಡ್ತಿದಾರೆ" ಅಂತ ಹೇಳಿಬಂದಳು. ಕೊಬ್ಬರಿ ಮನೆಯವರು, ನಂಬಿದರೂ ನಂಬಿರಬಹುದು.

ಆ ಕ್ಯಾನಿನಲ್ಲಿ ಹುಡುಕುವ ಪ್ರೋಟೀನಿಗೆ ಬೆನ್ಸ್ ಜೋನ್ಸ್ ಅಂತ ಹೆಸರು. ಹೆನ್ರಿ ಬೆನ್ಸ್ ಜೋನ್ಸ್ ಲಂಡನ್ನಿನ ಡಾಕ್ಟ್ರು. 1845ರಲ್ಲಿ ಅವರ ಹತ್ತಿರ ಒಬ್ಬ ದಿನಸಿ ವ್ಯಾಪಾರಿಯ ಮೂತ್ರ ಬಂತು, ಜೊತೆಗೆ ಇದೇನು ಅಂತ ಕೇಳಿದ ಚೀಟಿ. ಕಾಯಿಸಿದರೆ ಗಟ್ಟಿಯಾಗುತ್ತಿತ್ತು, ಇನ್ನೂ ಕುದಿಸಿದರೆ ಕರಗುತ್ತಿತ್ತು, ಆರಿದರೆ ಮತ್ತೆ ಗಟ್ಟಿ. ಆ ವ್ಯಾಪಾರಿ 1846ರ ಹೊಸ ವರ್ಷದ ದಿನ ತೀರಿಕೊಂಡ. ಮೂಳೆಗಳು ಮೆತ್ತಗಾಗಿ ಮುರಿಯುತ್ತಿದ್ದವಂತೆ. ಇದನ್ನು ಓದಿದ ದಿನ ರಾತ್ರಿಯಿಡೀ ಆ ಮನುಷ್ಯನೇ ಕಣ್ಣ ಮುಂದೆ. ತಕ್ಕಡಿ ಹಿಡಿದು ಸಕ್ಕರೆ ತೂಗುತ್ತಾ, ಯಾಕಪ್ಪ ಬೆನ್ನು ನೋಯ್ತಿದೆ ಅಂದುಕೊಳ್ಳುತ್ತಾ ನಿಂತಿರುವವನು. ನನ್ನ ಕ್ಯಾನಿನಲ್ಲಿ ಆ ಪ್ರೋಟೀನ್ ಇರಲಿಲ್ಲ.

ಮಜ್ಜೆಯ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಬೆನ್ನುಹುರಿಗೆ ಸೂಜಿ ಹಾಕುತ್ತಾರೆ, ಕಾಲು ಹೋಗುತ್ತೆ ಅಂತ ಊರಲ್ಲಿ ಹೆದರಿಸಿ ಕಳಿಸಿದ್ದರು. ಬೆನ್ನುಹುರಿಯ ತಂಟೆಗೇ ಹೋಗುವುದಿಲ್ಲ. ಸೊಂಟದ ಹಿಂಭಾಗದಲ್ಲಿ, ಕೈಯಿಟ್ಟರೆ ಸಿಗುವ ಮೂಳೆಯ ದಿಣ್ಣೆಯಿಂದ ತೆಗೆಯುತ್ತಾರೆ.

ಎಡಗಡೆಗೆ ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಮಡಚಿ ಮಲಗಿಸಿದರು. ತಣ್ಣನೆಯ ಔಷಧಿ ಒರೆಸಿದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ಕೆಂಜಿಗ ಕಚ್ಚಿದ ಹಾಗೆ ಚುರುಚುರು ಅಂತು. ಆಮೇಲೆ ಸೂಜಿ. ನೋವಿಲ್ಲ, ಆದರೆ ಒತ್ತುವುದು ಗೊತ್ತಾಗುತ್ತದೆ. ಡಾಕ್ಟ್ರು ಮೈಭಾರ ಹಾಕಿ ಸೂಜಿ ತಿರುಗಿಸುತ್ತಿದ್ದರೆ ನಾನು ಮಂಚದ ಜೊತೆ ಸಣ್ಣಗೆ ಅಲುಗಾಡುತ್ತಿದ್ದೆ. "ಈಗ ಎಳೀತೀನಮ್ಮ, ಒಂದು ಎರಡು ಮೂರು ಎಣಿಸಿ" ಅಂದರು. ಮಜ್ಜೆಯನ್ನು ಸಿರಿಂಜಿಗೆ ಎಳೆಯುವ ಆ ಗಳಿಗೆಗೆ ಮರಗಟ್ಟಿಸುವ ಔಷಧಿ ಕೆಲಸಕ್ಕೆ ಬರುವುದಿಲ್ಲ. ತೊಡೆಯ ಹಿಂದಿನಿಂದ ಹಿಮ್ಮಡಿವರೆಗೆ ಒಳಗಿನಿಂದ ಯಾರೋ ದಾರ ಜಗ್ಗಿದ ಹಾಗೆ. ಅಮ್ಮಾ ಅಂದೆ. ನಾಲ್ಕು ಎಣಿಸುವಷ್ಟರಲ್ಲಿ ಹೋಯಿತು. ಆಮೇಲೆ ಮೂಳೆಯ ಒಂದು ಚೂರೂ ತೆಗೆದರು. ಸಣ್ಣ ಬಾಟಲಿಯಲ್ಲಿ ಹಾಕಿ ತೋರಿಸಿದರು. ಊದುಬತ್ತಿ ಕಡ್ಡಿಯ ತುಂಡಿನ ಹಾಗಿತ್ತು, ಎರಡು ಸೆಂಟಿಮೀಟರ್ ಇರಬಹುದು. ಇಷ್ಟರ ಒಳಗೆ ನನ್ನ ಹಣೆಬರಹ ಇದೆಯಾ ಅನ್ನಿಸಿತು.

ಬ್ಯಾಂಡೇಜಿನ ಮೇಲೆ ಭಾರ ಬೀಳಲಿ ಅಂತ ಅರ್ಧ ಗಂಟೆ ಅಂಗಾತ ಮಲಗಿಸಿದರು. ಒಂದು ದಿನ ಆ ಜಾಗಕ್ಕೆ ನೀರು ತಾಗಿಸಬೇಡಿ ಅಂದರು. ಎರಡು ಮೂರು ದಿನ ಯಾರೋ ಒದ್ದ ಹಾಗೆ ನೋವು. ಅಷ್ಟೇ. ಹೆರಿಗೆ ಕಂಡ ಹೆಂಗಸರಿಗೆ ಇದು ದೊಡ್ಡದಲ್ಲ ಅಂತ ಬರೆಯಲು ಹೊರಟಿದ್ದೆ, ಬೇಡ. ಆಗುವವರಿಗೆ ಆಗುತ್ತದೆ. ನನಗೆ ಭಯವೇ ಜಾಸ್ತಿ ಇತ್ತು, ನೋವು ಕಡಿಮೆ.

ರಿಪೋರ್ಟಿಗೆ ಏಳು ದಿನ. ಊರಿಗೆ ವಾಪಸ್ ಬಂದೆವು.

ಆ ಏಳು ದಿನ ಹೇಗೆ ಕಳೆದೆ ಅಂದರೆ, ಕಳೆಯಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗುತ್ತಿತ್ತು. ಆ ಹೊತ್ತಿಗೆ ಎಲ್ಲವೂ ನಿಜ ಅನ್ನಿಸುತ್ತದೆ. ಬೆಳಕು ಹರಿದು ಹಾಲಿನವನ ಗಂಟೆ ಕೇಳಿದರೆ ಅರ್ಧ ಸುಳ್ಳಾಗುತ್ತದೆ. ಮೊದಲ ಎರಡು ದಿನ ಮಲಗಿದಲ್ಲೇ ಮೊಬೈಲ್ ನೋಡಿದೆ. ಮೂರನೆಯ ದಿನ ಮೊಬೈಲನ್ನು ಅತ್ತೆಯ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಂದೆ. ಎಚ್ಚರ ಆದರೆ ಎದ್ದು ಏನಾದರೂ ಮಾಡುತ್ತಿದ್ದೆ. ಅವರೆಕಾಯಿ ಸುಲಿಯುತ್ತಿದ್ದೆ. ಒಂದು ದಿನ ಹಿತ್ತಾಳೆ ಸಾಮಾನನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿದೆ. ನಾಲ್ಕು ಗಂಟೆಗೆ ಮನೆ ದೀಪಾವಳಿಯ ಹಾಗೆ ಹೊಳೆಯುತ್ತಿತ್ತು.

ಸಂಘಕ್ಕೆ ರಜೆ ಹಾಕಲಿಲ್ಲ. ಇದು ಒಳ್ಳೆಯದಾಯಿತು. ಲೆಡ್ಜರ್ ಮುಂದೆ ಕೂತರೆ ಎರಡು ತಾಸು ಬೇರೆ ಯಾವುದೂ ತಲೆಗೆ ಬರುತ್ತಿರಲಿಲ್ಲ. ಜನರ ಪ್ರಶ್ನೆಗೆ ಒಂದೇ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. "ಟೆಸ್ಟ್ ನಡೀತಿದೆ, ಗೊತ್ತಾದ ಮೇಲೆ ನಾನೇ ಹೇಳ್ತೀನಿ." ಹತ್ತು ಸಲ ಹೇಳಿದ ಮೇಲೆ ಕೇಳುವವರು ಕಡಿಮೆಯಾದರು.

ಐದನೆಯ ದಿನ ಇವರು ಅಟ್ಟದ ಮೇಲಿನಿಂದ ಕರೆದರು. ಕಾಯಿ ಸುಲಿಯುವವರು ಬರುವವರಿದ್ದರು, ಆರಿಸಿಡಬೇಕಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆಯ ಉಂಡೆ ಕೊಬ್ಬರಿಯನ್ನು ಒಡೆದು ಒಣಗಿಸುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಕಾಯಿ ಅಲುಗಾಡಿಸಿ ಕಿವಿಗೆ ಹಿಡಿದರೆ ಗೊತ್ತಾಗುತ್ತದೆ. ನೀರಿದ್ದರೆ ಒಂದು ಸದ್ದು. ಕೊಬ್ಬರಿಯಾಗಿದ್ದರೆ ಗಟಗಟ ಅಂತ ಇನ್ನೊಂದು ಸದ್ದು. ಸದ್ದೇ ಇಲ್ಲದಿದ್ದರೆ ಕಷ್ಟ.

ಇಬ್ಬರೂ ಎದುರುಬದುರು ಕೂತು ಒಂದೊಂದೇ ಅಲುಗಾಡಿಸಿ ಕೇಳುತ್ತಾ ಹೋದೆವು. ಒಂದು ಕಾಯಿ ಹಿಡಿದು ಇವರು ತುಂಬಾ ಹೊತ್ತು ಕೂತರು. "ಇದು ಹೇಳ್ತಾ ಇಲ್ಲ" ಅಂದರು. "ಒಡೆದು ನೋಡಿ" ಅಂದೆ. "ಒಡೆದರೆ ಮುಗೀತಲ್ಲ, ಇನ್ನೊಂದು ತಿಂಗಳು ಇರಲಿ" ಅಂತ ಬೇರೆ ಬುಟ್ಟಿಗೆ ಹಾಕಿದರು. ಆಮೇಲೆ ನನ್ನ ಮುಖ ನೋಡದೆ, "ನೀನು ಸುಮ್ನೆ ನಾಮಿನಿ ಎಲ್ಲಾ ಬದಲಾಯಿಸಿದ್ದೀಯಂತೆ" ಅಂದರು. ಸಂಘದ ಕಾರ್ಯದರ್ಶಿ ಹೇಳಿದ್ದರಂತೆ. ಅಲ್ಲೇ ಕಾಯಿಯ ರಾಶಿಯ ಮಧ್ಯೆ ಅವರು ಅತ್ತುಬಿಟ್ಟರು. ಮದುವೆಯಾದ ಮೇಲೆ ನಾನು ಅವರು ಅತ್ತಿದ್ದು ನೋಡಿದ್ದು ಎರಡನೇ ಸಲ. ಮೊದಲನೆಯದು ಮಾವ ಹೋದಾಗ. ಅವತ್ತು ರಾತ್ರಿ ಗೊರಕೆ ಕೇಳಿಸಿತು.

ಎಂಟನೆಯ ದಿನ ಡಾಕ್ಟ್ರ ಮುಂದೆ ಕೂತೆವು. ಡೈರಿ ತೆಗೆದಿಟ್ಟುಕೊಂಡೆ. ಮಜ್ಜೆಯಲ್ಲಿ ಪ್ಲಾಸ್ಮಾ ಕಣ ನೂರಕ್ಕೆ ಆರು. ಹತ್ತು ದಾಟಿಲ್ಲ. ಇಡೀ ಮೈಯ ಸಿಟಿ ಸ್ಕ್ಯಾನಿನಲ್ಲಿ ಮೂಳೆಗೆ ಎಲ್ಲೂ ತೂತಿಲ್ಲ. ಬೆನ್ನುನೋವು ಸೊಂಟದ ಹತ್ತಿರ ಡಿಸ್ಕ್ ಜರುಗಿದ್ದರಿಂದ. ಅಲ್ಲಿಗೆ ನಾನು ಬೈದದ್ದು ಸರಿ, ಕುರ್ಚಿಯದೇ ತಪ್ಪು. ಫೆರಿಟಿನ್ 9, ಅಂದರೆ ಮೈಯಲ್ಲಿ ಕಬ್ಬಿಣದ ಉಗ್ರಾಣ ಖಾಲಿ. ಹಿಮೋಗ್ಲೋಬಿನ್ ಇಳಿದದ್ದು ಅದಕ್ಕೆ. ಗ್ರಾಫಿನ ಸೂಜಿ ಮಾತ್ರ ನಿಜ. ಐಜಿಜಿ ಕಪ್ಪಾ ಅನ್ನುವ ಜಾತಿ, 1.3 ಗ್ರಾಂ. ಮೂರು ಗ್ರಾಂ ಮುಟ್ಟಿದರೆ ಬೇರೆ ಮಾತು. ಲೈಟ್ ಚೈನ್, ಅಂದರೆ ಆ ಪ್ರೋಟೀನಿನ ಬಿಡಿ ತುಂಡುಗಳ ಅನುಪಾತ, ಅನ್ನೋ ಇನ್ನೊಂದು ಲೆಕ್ಕ 1.65ರೊಳಗೆ ಇರಬೇಕಿತ್ತು, ನನ್ನದು 2.0. ಸ್ವಲ್ಪ ಆಚೆ.

ಇದಕ್ಕೆ ಎಂಜಿಯುಎಸ್ ಅಂತ ಹೆಸರು, ಪೂರ್ತಿಯಾಗಿ 'ಮಾನೋಕ್ಲೋನಲ್ ಗ್ಯಾಮೋಪತಿ ಆಫ್ ಅನ್ಡಿಟರ್ಮಿನ್ಡ್ ಸಿಗ್ನಿಫಿಕೆನ್ಸ್'. ಪೂರ್ತಿ ಹೆಸರಿನ ಕೊನೆಯ ಅರ್ಧವನ್ನು ಕನ್ನಡದಲ್ಲಿ ಹೇಳುವುದಾದರೆ, 'ಇದರ ಅರ್ಥ ಏನು ಅಂತ ಇನ್ನೂ ತೀರ್ಮಾನ ಆಗಿಲ್ಲ'. ಕಾಯಿಲೆಗೆ ಇಷ್ಟು ಪ್ರಾಮಾಣಿಕವಾದ ಹೆಸರನ್ನು ನಾನು ಕೇಳಿರಲಿಲ್ಲ. ಮೊದಲು ಇದನ್ನು ನಿರಪಾಯದ್ದು ಅಂತಲೇ ಕರೆಯುತ್ತಿದ್ದರಂತೆ. ಅಮೆರಿಕದ ಮೇಯೋ ಕ್ಲಿನಿಕ್‌ನ ರಾಬರ್ಟ್ ಕೈಲ್ ಅನ್ನುವ ಡಾಕ್ಟ್ರು ಇಂಥವರನ್ನು ವರ್ಷಗಟ್ಟಲೆ ಗಮನಿಸಿ, ಕೆಲವರಿಗೆ ಮುಂದೆ ಮೈಲೋಮಾ ಆದದ್ದನ್ನು ಕಂಡರು. 1978ರಲ್ಲಿ ಹೆಸರು ಬದಲಾಯಿತು. ಅವರದೇ ಮಿನೆಸೋಟ ರಾಜ್ಯದ ಒಂದು ಜಿಲ್ಲೆಯಲ್ಲಿ 50 ದಾಟಿದವರ ರಕ್ತ ನೋಡಿದಾಗ 100ಕ್ಕೆ ಸುಮಾರು 3 ಜನರಲ್ಲಿ ಈ ಸೂಜಿ ಸಿಕ್ಕಿತಂತೆ. ಬಹಳ ಜನ ಗೊತ್ತಿಲ್ಲದೇ ಬದುಕಿ, ಬೇರೆ ಯಾವುದಕ್ಕೋ ಸಾಯುತ್ತಾರೆ.

"ನನಗೆ ಕ್ಯಾನ್ಸರ್ ಇದೆಯಾ ಇಲ್ವಾ?" ಅಂದೆ.

"ಇಲ್ಲ. ಆಗಬಹುದಾ ಅಂದರೆ, ಆಗಬಹುದು. ಇಂಥ 100 ಜನರನ್ನು ನೋಡಿದರೆ ವರ್ಷಕ್ಕೆ ಸುಮಾರು ಒಬ್ಬರಿಗೆ ಆಗುತ್ತೆ. 99 ಜನರಿಗೆ ಆ ವರ್ಷ ಏನೂ ಆಗಲ್ಲ. ಈಗ ಔಷಧಿ ಇಲ್ಲ, ಬೇಕಾಗಿಯೂ ಇಲ್ಲ. ಆರು ತಿಂಗಳು ಬಿಟ್ಟು ಬನ್ನಿ. ಆಮೇಲೆ ವರ್ಷಕ್ಕೊಂದು ಸಲ." ಹೊಸದಾಗಿ ಮೂಳೆ ನೋವು ಬಂದರೆ, ಕಾರಣ ಇಲ್ಲದೆ ತೂಕ ಇಳಿದರೆ, ಪದೇ ಪದೇ ಸೋಂಕು ಆದರೆ, ಮೂತ್ರ ತುಂಬಾ ನೊರೆ ಬಂದರೆ ಕಾಯದೆ ಬರಬೇಕು. ಡೈರಿಯಲ್ಲಿ ಬರೆದುಕೊಂಡೆ. ಕಬ್ಬಿಣದ ಮಾತ್ರೆ ಬರೆದರು. ಬೆನ್ನಿಗೆ ವ್ಯಾಯಾಮ.

ಮಗ ಕಾರಿನಲ್ಲಿ ಕೂತ ಕೂಡಲೇ ಊರಿಗೆಲ್ಲ ಫೋನ್ ಮಾಡಿದ. "ಏನೂ ಇಲ್ಲವಂತೆ!" ಅತ್ತೆ ನಮ್ಮೂರ ದೇವತೆ ಕೆಂಪಮ್ಮನಿಗೆ ಮಡಿಲಕ್ಕಿ ಹರಕೆ ತೀರಿಸಿದರು. ನಾದಿನಿ ಅಮೃತಬಳ್ಳಿಗೆ ಜಯಕಾರ ಹಾಕಿದಳು. ಸಂಘದಲ್ಲಿ ಮೈಸೂರು ಪಾಕ್ ಹಂಚಿಸಿದರು, ನನ್ನ ಕೈಯಲ್ಲೇ. "ಸುಮ್ನೆ ಹೆದರಿದ್ರಿ ಮೇಡಂ" ಅಂದರು. ನಾನೂ ನಕ್ಕೆ. ಆದರೆ 'ಏನೂ ಇಲ್ಲ' ಅನ್ನೋದು ಸರಿಯಲ್ಲ. ಏನೋ ಇದೆ. ಅದು ಸದ್ಯಕ್ಕೆ ಸುಮ್ಮನಿದೆ. ಇದನ್ನು ಹೇಳಲು ಹೋದರೆ, "ಯಾಕೆ ಕೆಟ್ಟದ್ದು ಯೋಚಿಸ್ತೀಯ" ಅನ್ನುತ್ತಿದ್ದರು. ಆ ಖುಷಿಯ ವಾರದಷ್ಟು ಒಂಟಿ ನಾನು ಭಯದ ವಾರದಲ್ಲೂ ಇರಲಿಲ್ಲ. ಕೊನೆಗೆ ಮುಂದಿನ ಸಲ ಡಾಕ್ಟ್ರನ್ನು ಕಾಣುವಾಗ ಮಗನನ್ನೂ ಕೂರಿಸಿಕೊಂಡು, "ಇವನಿಗೆ ಸರಿಯಾಗಿ ಹೇಳಿ" ಅಂದೆ. ಹೊರಗೆ ಬಂದ ಮೇಲೆ ಅವನು, "ಸಾರಿ ಅಮ್ಮ, ನನಗೆ ಆ 99 ಮಾತ್ರ ಕೇಳಿಸಿತ್ತು" ಅಂದ.

ಆರು ತಿಂಗಳಿಗೆ 1.3 ಇತ್ತು. ಹಿಮೋಗ್ಲೋಬಿನ್ 12.6 ಆಗಿತ್ತು. ಅದರ ಮುಂದಿನ ವರ್ಷ 1.4, ಮತ್ತೆ ಆ ರಾತ್ರಿ ಹಿತ್ತಾಳೆ ತಿಕ್ಕಿದೆ. ಲ್ಯಾಬಿನ ಅಳತೆಯಲ್ಲೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ ಅಂತ ಡಾಕ್ಟ್ರು ಹೇಳಿದರು. ಹೋದ ವರ್ಷ ಪುನಃ 1.3. ವರ್ಷದಲ್ಲಿ ಹನ್ನೊಂದು ತಿಂಗಳು ನನಗೆ ಇದರ ನೆನಪೇ ಬರುವುದಿಲ್ಲ. ಹನ್ನೆರಡನೆಯ ತಿಂಗಳು ಬೆನ್ನು ನೋಯಲು ಶುರುವಾಗುತ್ತದೆ. ರಕ್ತ ಕೊಟ್ಟು ಬಂದು, ಉತ್ತರ ಗೊತ್ತಾದ ಮೇಲೆ ನೋವು ಹೋಗುತ್ತದೆ. ಇದಕ್ಕೂ ಏನಾದರೂ ಹೆಸರಿರಬಹುದು.

ಈ ವರ್ಷದ ರಕ್ತ ಕೊಟ್ಟು ಇವತ್ತಿಗೆ ನಾಲ್ಕು ದಿನ. ಲ್ಯಾಬಿನಲ್ಲಿ ಹೊಸ ಹುಡುಗ ಬಂದಿದ್ದಾನೆ, ನಾನು ಫಾರಂ ಮೇಲೆ ಬರೆದದ್ದನ್ನು ಓದಿಲ್ಲ ಅಂತ ಕಾಣುತ್ತದೆ. ಸಂಜೆ ಏಳಕ್ಕೆ ಮೊಬೈಲ್ ಟಿಂಗ್ ಅಂತು. ಪಿಡಿಎಫ್. ಇವತ್ತೂ ಶನಿವಾರವೇ. ಡಾಕ್ಟ್ರು ಸಿಗುವುದು ಸೋಮವಾರ ಹನ್ನೊಂದಕ್ಕೆ.

ಅಟ್ಟದಿಂದ ಇವರು ಕರೆಯುತ್ತಿದ್ದಾರೆ, ಟಾರ್ಚ್ ಬೇಕಂತೆ. ಮೊಬೈಲನ್ನು ಅತ್ತೆಯ ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಗೂಟದಲ್ಲಿದ್ದ ದೊಡ್ಡ ಟಾರ್ಚ್ ತೆಗೆದುಕೊಂಡು ಏಣಿ ಹತ್ತಿದೆ.